ಓವರ್‌ಡ್ರೈವ್ ಪೆಡಲ್: ಮೊದಲು ನಿಮ್ಮ ಆಂಪ್ ಯಾವುದೆಂದು ನೋಡಿ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮದು ಐದು ಜನರ ತಂಡ: ಹಾಡುಗಾರ, ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ಸ್ ಮತ್ತು ನಾನು. ನನ್ನ ಬಳಿ ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳಿರುವ (ತಂತಿಯ ಕಂಪನವನ್ನು ಹಿಡಿಯುವ ಒಂಟಿ ಸುರುಳಿಗಳು) ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್ ಇದೆ, ಮನೆಯಲ್ಲಿ 15 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್ (ಆಂಪ್ಲಿಫೈಯರ್) ಇದೆ. ಆಂಪ್‌ನಲ್ಲೇ ಇರುವ ಡ್ರೈವ್ ಚಾನೆಲ್ ಮನೆಯಲ್ಲಿ ಬಹಳ ಚೆನ್ನಾಗಿ ಕೇಳಿಸುತ್ತದೆ. ಆದರೆ ಕಾಲೇಜು ಉತ್ಸವದಲ್ಲಿ ಅದೇ ಆಂಪ್‌ಗೆ ಮೈಕ್ ಇಟ್ಟು ನುಡಿಸಿದಾಗ ನನ್ನ ಗಿಟಾರ್ ಯಾರಿಗೂ ಕೇಳಿಸಲಿಲ್ಲವಂತೆ. ಗಿಟಾರಿನ ದನಿಯನ್ನು ಒರಟಾಗಿಸುವ, ಕಾಲಿನಿಂದ ತುಳಿಯುವ ಪೆಟ್ಟಿಗೆ, ಎಂದರೆ ಒಂದು ಓವರ್‌ಡ್ರೈವ್ ಪೆಡಲ್ ಕೊಳ್ಳುವಷ್ಟು ಹಣ ಕೂಡಿಸಿದ್ದೇನೆ. ಟ್ಯೂಬ್ ಸ್ಕ್ರೀಮರ್, ಬಾಸ್ ಎಸ್‌ಡಿ-1, ಬಾಸ್ ಬ್ಲೂಸ್ ಡ್ರೈವರ್, ಈ ಮೂರರಲ್ಲಿ ಯಾವುದು ಒಳ್ಳೆಯದು? ಅಂಗಡಿಯವರು ಇದೇ ಹಣಕ್ಕೆ ಮಲ್ಟಿ ಎಫೆಕ್ಟ್ಸ್ (ಹಲವು ನಾದಗಳು ಒಂದರಲ್ಲೇ ಇರುವ ಪೆಟ್ಟಿಗೆ) ತೆಗೆದುಕೊಳ್ಳಿ ಎನ್ನುತ್ತಿದ್ದಾರೆ.

ಉತ್ತರ: ಮೊದಲು ಆ ಉತ್ಸವದ ದಿನದ ವಿಚಾರಕ್ಕೆ ಬರುತ್ತೇನೆ. ನಿಮ್ಮ ಪೆಡಲ್‌ನ ಆಯ್ಕೆ ಅದರೊಳಗೇ ಅಡಗಿದೆ.

ಮನೆಯಲ್ಲಿ ನೀವು ಆಂಪ್‌ನ ಬೇಸ್ ಮತ್ತು ಟ್ರೆಬಲ್ ಎರಡನ್ನೂ ಏರಿಸಿ, ನಡುವಿನ ಮಿಡ್ ನಾಬನ್ನು ಇಳಿಸಿರುತ್ತೀರಿ. ನೀವು ಹಾಗೆಂದು ಬರೆದಿಲ್ಲ. ಆದರೂ ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ಒಬ್ಬರೇ ಕೂತು ಸಣ್ಣ ದನಿಯಲ್ಲಿ ನುಡಿಸುವವರ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಸದ್ದು ಕಡಿಮೆ ಇರುವಾಗ ತೀರ ಕೆಳಗಿನ ಮತ್ತು ತೀರ ಮೇಲಿನ ನಾದಗಳು ನಮ್ಮ ಕಿವಿಗೆ ಮಂಕಾಗಿ ಕೇಳಿಸುತ್ತವೆ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಆ ಕೊರತೆಯನ್ನು ತುಂಬಲು ನಾವು ಬೇಸನ್ನೂ ಟ್ರೆಬಲನ್ನೂ ಏರಿಸುತ್ತೇವೆ. ವೇದಿಕೆಯಲ್ಲಿ ದನಿ ಹೆಚ್ಚಿದೊಡನೆ ಕಿವಿಯ ಮಂಕು ಹರಿಯುತ್ತದೆ, ಏರಿಸಿದ ನಾಬ್‌ಗಳು ಮಾತ್ರ ಏರಿದಲ್ಲೇ ಇರುತ್ತವೆ.

ಇನ್ನು ತಂಡದೊಳಗಿನ ಜಾಗದ ಹಂಚಿಕೆ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ (ಎಂದರೆ ಸೆಕೆಂಡಿಗೆ 82 ಕಂಪನ) ನುಡಿಯುತ್ತದೆ, ಬೇಸ್ ಗಿಟಾರಿನ ದಪ್ಪ ತಂತಿ 41ರಲ್ಲಿ. ಆ ತಳದ ಜಾಗ ಬೇಸ್ ಗಿಟಾರಿಗೂ ಡ್ರಮ್ಸ್‌ನ ಕಿಕ್‌ಗೂ ಸೇರಿದ್ದು. ಮೇಲ್ಗಡೆ ಸಿಂಬಲ್‌ಗಳ ಝಣಝಣ. ಗಿಟಾರಿನ ಮನೆ ಇರುವುದು ನಡುವೆ, ಕೆಲವು ನೂರು ಹರ್ಟ್ಸ್‌ನಿಂದ ಎರಡು ಸಾವಿರದ ಆಚೀಚೆ. ಅಲ್ಲೇ ಹಾಡುಗಾರನೂ ಇದ್ದಾನೆ, ಕೀಬೋರ್ಡಿನವರ ಎರಡು ಕೈಗಳೂ ಇವೆ. ಕಿಕ್ಕಿರಿದ ಆ ಜಾಗದಲ್ಲಿ ನೀವು ಜಗ್ಗದೆ ನಿಲ್ಲಬೇಕಿತ್ತು. ನಿಮ್ಮ ಮಿಡ್ ನಾಬ್ ಅದನ್ನೇ ಬಿಟ್ಟುಕೊಟ್ಟಿತು. ಉಳಿದದ್ದನ್ನು ಕೆಳಗಿನಿಂದ ಬೇಸ್ ಗಿಟಾರ್, ಮೇಲಿನಿಂದ ಸಿಂಬಲ್ ನುಂಗಿದವು. ಹೀಗಿರುವಾಗ ಮಿಕ್ಸರ್‌ನಲ್ಲಿ ಕೂತವರು ನಿಮ್ಮ ದನಿಯನ್ನು ಎಷ್ಟು ಏರಿಸಿದರೂ ಗದ್ದಲ ಹೆಚ್ಚುತ್ತದೆಯೇ ಹೊರತು ಗಿಟಾರ್ ಮುಂದೆ ಬರುವುದಿಲ್ಲ.

ಇಷ್ಟು ತಿಳಿದ ಮೇಲೆ ಪೆಡಲ್‌ನ ಮಾತು. ಓವರ್‌ಡ್ರೈವ್ ಎಂದರೇನು ಎಂದು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ರಾತ್ರಿ ಬಯಲಾಟದಲ್ಲಿ ಭಾಗವತರು ಏರು ಸ್ವರಕ್ಕೆ ಹೋದಾಗ, ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿನ ದನಿ ಸ್ವಲ್ಪ ಒಡೆದು, ಅದಕ್ಕೊಂದು ಅಂಚು ಮೂಡಿ, ಊರಾಚೆಯ ಗದ್ದೆಯವರೆಗೂ ಕೇಳಿಸುತ್ತದಲ್ಲ, ಅದೇ ಓವರ್‌ಡ್ರೈವ್. ಆಂಪ್ಲಿಫೈಯರ್ ತಾಳುವುದಕ್ಕಿಂತ ದೊಡ್ಡ ಅಲೆ ಬಂದಾಗ ಆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿರುವ ಹಳೆಯ ವಾಲ್ವ್ ಆಂಪ್‌ಗಳಲ್ಲಿ ಇದು ಮೆಲ್ಲಗೆ ಆಗುತ್ತದೆ: ಮೃದುವಾಗಿ ಮೀಟಿದರೆ ತಿಳಿಯಾದ ನಾದ, ಒತ್ತಿ ಮೀಟಿದರೆ ಒರಟು. 1960ರ ದಶಕದ ವಾದಕರು ಆಂಪ್‌ನ ದನಿಯನ್ನು ಕೊನೆಯವರೆಗೆ ಏರಿಸಿ ಈ ನಾದ ಪಡೆಯುತ್ತಿದ್ದರು. ಇಂಗ್ಲೆಂಡಿನ ಗಿಟಾರ್ ವಾದಕ ಡೇವ್ ಡೇವಿಸ್ 1964ರಲ್ಲಿ ತನ್ನ ಪುಟ್ಟ ಆಂಪ್‌ನ ಸ್ಪೀಕರ್ ಕಾಗದವನ್ನೇ ಬ್ಲೇಡಿನಿಂದ ಸೀಳಿಬಿಟ್ಟರು. ಒಡೆದ ದನಿಯ ಮೇಲಿನ ಆಸೆ ಅಷ್ಟರಮಟ್ಟಿಗಿತ್ತು.

ಪೆಡಲ್ ಈ ಕೆಲಸವನ್ನು ಒಂದು ಚಿಕ್ಕ ಪೆಟ್ಟಿಗೆಯೊಳಗೆ ಮಾಡುತ್ತದೆ. ಗಿಟಾರಿನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುತ್ತದೆ, ಆಮೇಲೆ ಡಯೋಡ್‌ಗಳಿಂದ ತಡೆಯುತ್ತದೆ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್ ಆದೊಡನೆ ಬಾಗಿಲು ತೆರೆಯುತ್ತದೆ, ಅಲೆ ಅಲ್ಲಿಗೆ ತಲೆ ಬಾಗಿಸುತ್ತದೆ. ಡಿಸ್ಟಾರ್ಷನ್ ಎಂದು ಕರೆಯುವ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಡಯೋಡ್‌ಗಳು ಅಲೆಯ ತುದಿಯನ್ನು ನೆಲಕ್ಕೆ ಇಳಿಸಿಬಿಡುತ್ತವೆ, ಕತ್ತರಿ ಚೂಪಾಗಿರುತ್ತದೆ. ನೀವು ಹೆಸರಿಸಿದ ಟ್ಯೂಬ್ ಸ್ಕ್ರೀಮರ್‌ನಲ್ಲಿ ಅವು ಹಿಗ್ಗಿಸುವ ಸುತ್ತಿನೊಳಗೇ ಕುಳಿತು, ಅಲೆ ದೊಡ್ಡದಾದಂತೆಲ್ಲ ಹಿಗ್ಗನ್ನು ತಗ್ಗಿಸುತ್ತವೆ. ಅದರ ಜೊತೆಗೇ ಗಿಟಾರಿನ ಮೂಲ ಸಂಕೇತವೂ ಹಾಗೆಯೇ ಹಾದುಬರುತ್ತದೆ. ಅದರ ನಾದ ಮೆದುವಾಗಿರುವುದು ಈ ಕಾರಣಕ್ಕೆ.

ಚಪ್ಪಟೆಯಾದ ಅಲೆ ಬರೀ ಕೆಟ್ಟ ಅಲೆಯಲ್ಲ. ಅದರಿಂದ ಹೊಸ ಸ್ವರಗಳು ಹುಟ್ಟುತ್ತವೆ. ತಂಬೂರಿಯನ್ನು ಹತ್ತಿರದಿಂದ ನೋಡಿದ್ದರೆ ನಿಮಗೆ ಗೊತ್ತು: ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ದಾರವನ್ನು ಸರಿಸುತ್ತ ಹೋದಂತೆ ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ಅರಳುತ್ತದೆ. ಆ ದಾರಕ್ಕೆ ಜೀವ ಎಂದೇ ಹೆಸರು. ಷಡ್ಜವನ್ನು ಮಾತ್ರ ಮೀಟಿದ್ದರೂ ಮೇಲೆ ಪಂಚಮ ಕೇಳುತ್ತದೆ, ಇನ್ನೂ ಮೇಲೆ ಅಂತರ ಗಾಂಧಾರ ತಾನಾಗಿ ಮೂಡುತ್ತದೆ. ಓವರ್‌ಡ್ರೈವ್ ಬೇರೆ ದಾರಿಯಲ್ಲಿ ಅದೇ ಅನುಸ್ವರಗಳ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟು ಕಂಪಿಸುವ ಸ್ವರಗಳ) ಮನೆಗೆ ಹೋಗುತ್ತದೆ. ಅಲೆಯ ಮೇಲ್ಭಾಗ ಮತ್ತು ಕೆಳಭಾಗವನ್ನು ಸಮನಾಗಿ ಕತ್ತರಿಸಿದರೆ ಮೂರನೆಯ, ಐದನೆಯ ಅನುಸ್ವರಗಳು, ಎಂದರೆ ಮೇಲಿನ ಪಂಚಮ, ಗಾಂಧಾರಗಳು ಏಳುತ್ತವೆ. ಒಂದು ಬದಿಯನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ಕತ್ತರಿಸಿದರೆ ಎರಡನೆಯದು, ಎಂದರೆ ತಾರ ಷಡ್ಜವೂ ಸೇರಿಕೊಳ್ಳುತ್ತದೆ. ಟ್ಯೂಬ್ ಸ್ಕ್ರೀಮರ್ ಸಮನಾಗಿ ಕತ್ತರಿಸುವ ಜಾತಿ. ಬಾಸ್ ಕಂಪನಿ 1977ರಲ್ಲಿ ತಂದ ಓಡಿ-1 ಒಂದು ಬದಿಗೆ ಒಂದು ಡಯೋಡ್, ಇನ್ನೊಂದು ಬದಿಗೆ ಎರಡು ಇಟ್ಟು ಅಸಮವಾಗಿ ಕತ್ತರಿಸಿತು. 1981ರ ಎಸ್‌ಡಿ-1 ಅದರ ಮಗು. ಟೋನ್ ನಾಬ್ ಒಂದನ್ನು ಸೇರಿಸಿಕೊಂಡು ಬಂದ ಆ ಹಳದಿ ಪೆಟ್ಟಿಗೆ ಇಂದಿಗೂ ತಯಾರಾಗುತ್ತಿದೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ತಂಡದಲ್ಲಿ ಕೀಬೋರ್ಡ್ ಇದೆ. ಎರಡು ಸ್ವರಗಳನ್ನು ಒಟ್ಟಿಗೆ ಓವರ್‌ಡ್ರೈವ್ ಮೂಲಕ ಕಳಿಸಿದರೆ ಅವು ಒಂದರ ಮೇಲೊಂದು ಬಿದ್ದು ಮೂರನೆಯ ಸ್ವರಗಳನ್ನು ಹುಟ್ಟಿಸುತ್ತವೆ. 220 ಹರ್ಟ್ಸ್ ಅನ್ನು ಷಡ್ಜ ಎಂದುಕೊಳ್ಳಿ. ಪಂಚಮ 330. ಇವೆರಡರ ವ್ಯತ್ಯಾಸ 110, ಅದು ಮಂದ್ರ ಷಡ್ಜ. ಷಡ್ಜ, ಪಂಚಮ ಎರಡನ್ನೇ ಒಟ್ಟಿಗೆ ನುಡಿಸುವ ಪವರ್ ಕಾರ್ಡ್ ಅಷ್ಟು ಗಟ್ಟಿಯಾಗಿ, ಕೆಳಗೊಂದು ಕಂಬ ಕೊಟ್ಟಂತೆ ಕೇಳುವುದು ಇದರಿಂದ. ಈಗ ಪಂಚಮದ ಬದಲು ಮೇಜರ್ ಕಾರ್ಡ್‌ನ ಗಾಂಧಾರ ಹಾಕಿ. ಶುದ್ಧವಾದ ಅಂತರ ಗಾಂಧಾರ 275 ಆಗಬೇಕು, ಆದರೆ ಗಿಟಾರಿನ ಫ್ರೆಟ್‌ಗಳ ಹಂಚಿಕೆಯಲ್ಲಿ ಅದು ಸುಮಾರು 277.2 ಆಗಿರುತ್ತದೆ. ವ್ಯತ್ಯಾಸ 57.2. ಷಡ್ಜಕ್ಕೆ ಹೊಂದುವ 55 ಅಲ್ಲ. ಶ್ರುತಿ ತಪ್ಪಿದ ಒಂದು ಗುಂಯ್‌ಗುಡುವಿಕೆ ಕೆಳಗೆ ಸೇರಿಕೊಳ್ಳುತ್ತದೆ. ಡ್ರೈವ್ ಹೆಚ್ಚಿಸಿದಷ್ಟೂ ಅದೂ ಹೆಚ್ಚುತ್ತದೆ. ಆರೂ ತಂತಿಗಳ ಕಾರ್ಡನ್ನು ಹೆಚ್ಚು ಡ್ರೈವ್‌ನಲ್ಲಿ ಬಾರಿಸಿದರೆ ಗಂಜಿಯಾಗುವುದು ಹೀಗೆ. ಕೀಬೋರ್ಡ್ ಹೇಗೂ ಪೂರ್ತಿ ಕಾರ್ಡ್ ನುಡಿಸುತ್ತಿರುತ್ತದೆ. ನೀವು ಎರಡು ಮೂರು ತಂತಿ ಸಾಕೆಂದುಕೊಂಡರೆ ಯಾವ ಪೆಡಲ್ ಕೊಂಡರೂ ನಿಮ್ಮ ಗಿಟಾರ್ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ.

ಇನ್ನು ನಿಮ್ಮ ಮೂರು ಹೆಸರುಗಳು.

ಟ್ಯೂಬ್ ಸ್ಕ್ರೀಮರ್ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಟೆಕ್ಸಸ್‌ನ ಗಿಟಾರ್ ವಾದಕ ಸ್ಟೀವಿ ರೇ ವಾನ್ ಅವರ ನಾದ. ಈ ಹಸಿರು ಪೆಡಲನ್ನು ಜಪಾನಿನ ಮ್ಯಾಕ್ಸಾನ್ ಕಂಪನಿಯಲ್ಲಿ ಸುಸುಮು ತಮುರಾ ರೂಪಿಸಿದರು. 1979ರ ಸುಮಾರಿಗೆ ಐಬನೆಜ್ ಹೆಸರಿನಲ್ಲಿ ಟಿಎಸ್808 ಆಗಿ ಹೊರಬಂತು, 1982ರ ಹೊತ್ತಿಗೆ ಟಿಎಸ್9 ಆಯಿತು. ಇದರ ಗುಟ್ಟು ಒಂದು ಅಂಕಿಯಲ್ಲಿದೆ: 720 ಹರ್ಟ್ಸ್. ಅದಕ್ಕಿಂತ ಕೆಳಗಿನ ನಾದಗಳನ್ನು ಅದು ಕೆಳಗಿಳಿದಷ್ಟೂ ಕಡಿಮೆ ಹಿಗ್ಗಿಸುತ್ತದೆ. ಅಲ್ಲಿಂದ ಮೇಲಿನವನ್ನು ಟೋನ್ ಭಾಗ ಸೋಸುತ್ತದೆ. ಕೊನೆಗೆ ಉಬ್ಬಿ ನಿಲ್ಲುವುದು ನಡುವಿನ ನಾದ. ನಿಮ್ಮ ಉತ್ಸವದಲ್ಲಿ ಕಾಣೆಯಾದದ್ದು ಇದೇ ಜಾಗ ಎಂಬುದನ್ನು ನೆನಪಿಸಿಕೊಳ್ಳಿ.

ಆದರೆ ವಾನ್ ಅವರ ಪೆಡಲ್‌ನ ಮುಂದೆ ಕಿವಿ ಗುಂಯ್‌ಗುಡುವಷ್ಟು ಏರಿಸಿದ ಫೆಂಡರ್ ವಾಲ್ವ್ ಆಂಪ್‌ಗಳಿದ್ದವು. ಅಂಥ ಆಂಪ್‌ಗೆ ಟ್ಯೂಬ್ ಸ್ಕ್ರೀಮರ್ ಹಾಕುವವರು ಡ್ರೈವ್ ನಾಬನ್ನು ತಗ್ಗಿಸಿ ಲೆವೆಲ್ ನಾಬನ್ನು ಏರಿಸುತ್ತಾರೆ. ಅಲ್ಲಿ ಪೆಡಲ್ ಮಾಡುವುದು ತಳ್ಳುವ ಕೆಲಸ, ಒಡೆಯುವ ಕೆಲಸ ಆಂಪ್‌ನ ವಾಲ್ವ್‌ಗಳದ್ದು. ಪೆಡಲ್ ತಳವನ್ನು ಬಿಗಿ ಮಾಡಿಕೊಟ್ಟಾಗ ಆಗಲೇ ಉಬ್ಬಿ ನಿಂತ ಆಂಪ್ ಕೆಸರಾಗದೆ ಹಾಡುತ್ತದೆ. ನಿಮ್ಮ 15 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್ ಹಾಗೆ ಬಾಗುವುದಿಲ್ಲ. ತಳ್ಳಿದರೆ ಸುಮ್ಮನಿರುತ್ತದೆ, ಇನ್ನೂ ತಳ್ಳಿದರೆ ಒಮ್ಮೆಲೇ ಕರ್ಕಶವಾಗುತ್ತದೆ. ತಂಡಗಳು ಅಭ್ಯಾಸ ಮಾಡುವ ಜಾಮ್ ರೂಮ್‌ಗಳಲ್ಲಿ ಸಿಗುವ ರೋಲ್ಯಾಂಡ್ ಜಾಝ್ ಕೋರಸ್ ಕೂಡ ಟ್ರಾನ್ಸಿಸ್ಟರ್ ಆಂಪ್. 1975ರಿಂದ ಅದರ ಹೆಗ್ಗಳಿಕೆಯೇ ಎಷ್ಟು ತಳ್ಳಿದರೂ ತಿಳಿಯಾಗಿ ಉಳಿಯುವುದು. ಇಂಥ ಆಂಪ್‌ಗಳ ಮುಂದೆ ಒಡೆಯುವ ಕೆಲಸವನ್ನೆಲ್ಲ ಪೆಡಲ್ ಒಂದೇ ಮಾಡಬೇಕು. ಧ್ವನಿಮುದ್ರಣದಲ್ಲಿ ಕೇಳಿದ ನಾದಕ್ಕಾಗಿ ಪೆಡಲ್ ಕೊಂಡು, ಮನೆಗೆ ತಂದು ಹಾಕಿ, ಮೂಗಿನಲ್ಲಿ ಹಾಡಿದಂತಿದೆ ಎಂದು ಬೇಸರಪಟ್ಟವರನ್ನು ನಾನು ತುಂಬ ನೋಡಿದ್ದೇನೆ. ಪೆಡಲ್‌ನಲ್ಲಿ ದೋಷವಿರುವುದಿಲ್ಲ. ಅದರ ಜೋಡಿ ಅಲ್ಲಿರುವುದಿಲ್ಲ.

ಹಳೆಯ ಟಿಎಸ್808 ಒಳಗಿನ ಜೆಆರ್‌ಸಿ 4558 ಎಂಬ ಚಿಪ್‌ಗಾಗಿ, ಅದರ ಮೇಲಿನ ಅಕ್ಷರಗಳಿಗಾಗಿ ಜನ ಹೆಚ್ಚು ಹಣ ಕೊಡುತ್ತಾರೆ. ನೀವು ಕೊಡಬೇಡಿ. 808 ಮತ್ತು 9ರ ನಡುವೆ ಮುಖ್ಯವಾಗಿ ಬೇರೆಯಾಗಿರುವುದು ಹೊರಬಾಗಿಲಿನ ಎರಡು ರೆಸಿಸ್ಟರ್‌ಗಳು. ಆ 720 ಹರ್ಟ್ಸ್‌ನ ಏರ್ಪಾಡು ಎರಡರಲ್ಲೂ ಒಂದೇ, ನಾದವನ್ನು ನಿರ್ಧರಿಸುವುದೂ ಅದೇ. ಹಾಗೆಯೇ ಕ್ಲಾನ್ ಸೆಂಟಾರ್ ಎಂಬ ಓವರ್‌ಡ್ರೈವ್‌ನ ನಕಲು ಎಂದು ಮಾರುವ ಪೆಡಲ್‌ಗಳ ಬಗ್ಗೆಯೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅಮೆರಿಕದ ಬಿಲ್ ಫಿನ್ನೆಗನ್ 1994ರಿಂದ ಸುಮಾರು 8,000ದಷ್ಟೇ ಮೂಲ ಪೆಡಲ್‌ಗಳನ್ನು ಮಾಡಿದರು. ಒಳಗಿನ ಜೋಡಣೆ ಯಾರಿಗೂ ಕಾಣದಿರಲೆಂದು ಅಂಟು ಸುರಿದು ಮುಚ್ಚಿದ್ದರು. ಒಳ್ಳೆಯ ಪೆಡಲ್, ಅನುಮಾನವಿಲ್ಲ. ಆದರೆ ಅದರ ನಿಜವಾದ ಸೊಗಸು ತಿಳಿಯುವುದೂ ಆಗಲೇ ಸ್ವಲ್ಪ ಒಡೆಯುತ್ತಿರುವ ವಾಲ್ವ್ ಆಂಪ್‌ನ ಮುಂದೆ. ನಿಮ್ಮ ಮೊದಲ ಪೆಡಲ್ ಅದಾಗಬೇಕಿಲ್ಲ.

ಬ್ಲೂಸ್ ಡ್ರೈವರ್ 1995ರಲ್ಲಿ ಬಂತು. ಇದು ಬೇರೆಯೇ ಸ್ವಭಾವದ ಪೆಡಲ್. ಇದರಲ್ಲಿ ಚಿಪ್ ಬದಲು ಬಿಡಿ ಟ್ರಾನ್ಸಿಸ್ಟರ್‌ಗಳಿಂದ ಕಟ್ಟಿದ ಎರಡು ಹಂತಗಳಿವೆ. ಎರಡರ ನಡುವೆ ಫೆಂಡರ್ ಆಂಪ್‌ಗಳನ್ನು ಹೋಲುವ ಟೋನ್ ಏರ್ಪಾಡಿದೆ. ಇದು ತಳವನ್ನು ಕತ್ತರಿಸುವುದಿಲ್ಲ, ನಡುವನ್ನು ಉಬ್ಬಿಸುವುದಿಲ್ಲ. ತಿಳಿಯಾದ ಆಂಪ್‌ನ ಮುಂದೆ ಹಾಕಿದರೆ ಅದನ್ನೇ ಒಂದು ಪುಟ್ಟ ವಾಲ್ವ್ ಆಂಪ್‌ನಂತೆ ನುಡಿಸುತ್ತದೆ. ಬೆರಳಿಗೆ ಇದು ಕೊಡುವ ಮರುದನಿ ನನಗೆ ತುಂಬ ಇಷ್ಟ: ಮೆಲ್ಲಗೆ ಸವರಿದರೆ ಬಹುತೇಕ ಸ್ವಚ್ಛ, ಪಿಕ್ ಒತ್ತಿದರೆ ಕೆರಳುತ್ತದೆ. ನೀವು ಒಬ್ಬರೇ ನುಡಿಸುವವರಾಗಿದ್ದರೆ, ಅಥವಾ ಗಿಟಾರ್, ಬೇಸ್, ಡ್ರಮ್ಸ್ ಮಾತ್ರ ಇರುವ ಮೂವರ ತಂಡವಾಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ ಎನ್ನುತ್ತಿದ್ದೆ. ಅಲ್ಲಿ ಜಾಗ ಖಾಲಿ ಇರುತ್ತದೆ, ಅದನ್ನು ತುಂಬಲು ಅಗಲವಾದ ನಾದ ಬೇಕು. ಐದು ಜನರ ತಂಡದಲ್ಲಿ ಆ ಅಗಲವೇ ತೊಡಕಾಗುತ್ತದೆ. ಇನ್ನೊಂದು ಮಾತು: ಇದರ ಮೇಲ್ನಾದ ಹರಿತ. ನಿಮ್ಮ ಗಿಟಾರಿನ ಬ್ರಿಡ್ಜ್ (ಕುದುರೆಯ ಬಳಿಯ) ಪಿಕಪ್‌ನೊಂದಿಗೆ, ಟ್ರಾನ್ಸಿಸ್ಟರ್ ಆಂಪ್‌ನಲ್ಲಿ, ಗೇನ್ (ಇದರ ಡ್ರೈವ್ ನಾಬ್) ಹೆಚ್ಚಿಸಿದರೆ ಕಿವಿಗೆ ಚುಚ್ಚುತ್ತದೆ.

ಹಾಗಾಗಿ ನಿಮಗೆ ನನ್ನ ಸಲಹೆ ಎಸ್‌ಡಿ-1. ಟ್ಯೂಬ್ ಸ್ಕ್ರೀಮರ್‌ನಂತೆಯೇ ನಡುವಿನ ನಾದವನ್ನು ಎತ್ತಿ ಹಿಡಿಯುತ್ತದೆ, ತಳವನ್ನು ಬೇಸ್ ಗಿಟಾರಿಗೆ ಬಿಟ್ಟುಕೊಡುತ್ತದೆ. ಅಸಮ ಕತ್ತರಿಯಿಂದಾಗಿ ಅದರ ಒರಟುತನಕ್ಕೆ ಒಂದಿಷ್ಟು ಹೆಚ್ಚಿನ ಬಿಡಿಬಿಡಿತನ ಇದೆ, ತಿಳಿಯಾದ ಆಂಪ್‌ನಲ್ಲಿ ಒಂಟಿಯಾಗಿ ನಿಲ್ಲುವಾಗ ಅದು ಮೂಗಿನ ಸ್ವರದಂತೆ ಕೇಳುವುದು ನನ್ನ ಕಿವಿಗೆ ಸ್ವಲ್ಪ ಕಡಿಮೆ. ಬೆಲೆಯೂ ಸಾಮಾನ್ಯವಾಗಿ ಮೂರರಲ್ಲಿ ಕಡಿಮೆ. ಮನೆಯಲ್ಲಿ ಒಬ್ಬರೇ ನುಡಿಸಿದಾಗ ಮೊದಲ ವಾರ ಇದು ನಿಮಗೆ ತೆಳುವೆನಿಸುತ್ತದೆ. ಗಾಬರಿಯಾಗಿ ಹಿಂದಿರುಗಿಸಬೇಡಿ. ತಂಡದ ಜೊತೆ ಒಂದು ಸಂಜೆ ನುಡಿಸಿದ ಮೇಲೆ ತೀರ್ಮಾನ ಮಾಡಿ.

ಆದರೆ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. ನೀವು ಕಳೆದ ಹತ್ತು ಬಾರಿ ವೇದಿಕೆ ಹತ್ತಿದಾಗ ಎಷ್ಟು ಕಡೆ ಗಿಟಾರ್ ಆಂಪ್ ಇತ್ತು, ಎಷ್ಟು ಕಡೆ ಕೇಬಲ್ಲನ್ನು ನೇರವಾಗಿ ಮಿಕ್ಸರ್‌ಗೆ ಕೊಟ್ಟರು? ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನ ಮೇಲಿನದನ್ನು ಬಹುತೇಕ ನುಡಿಸುವುದೇ ಇಲ್ಲ. ಒಡೆದ ಅಲೆಯಲ್ಲಿರುವ ಮುಳ್ಳುಗಳನ್ನು ಅದು ತಾನೇ ತರಿದು ಹಾಕುತ್ತದೆ. ಮಿಕ್ಸರ್‌ಗೆ ಸೇರಿದ ದೊಡ್ಡ ಸ್ಪೀಕರ್‌ಗಳಿಗೆ ಆ ದಾಕ್ಷಿಣ್ಯವಿಲ್ಲ. ಅವು ಎಲ್ಲವನ್ನೂ ಕೇಳಿಸುತ್ತವೆ. ಬಹಳ ವರ್ಷಗಳ ಹಿಂದೆ ಒಂದು ಗಣೇಶೋತ್ಸವದಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸಲು ಹೋಗಿದ್ದೆ. ಆಂಪ್ ಬರಲಿಲ್ಲ. ಓವರ್‌ಡ್ರೈವ್ ಪೆಡಲ್‌ನಿಂದ ಹೊರಟ ಕೇಬಲ್ ಸೀದಾ ಮಿಕ್ಸರ್‌ಗೆ ಹೋಯಿತು. ಮೊದಲ ಸೋಲೋ ಶುರುವಾದಾಗ ಮುಂದಿನ ಸಾಲಿನಲ್ಲಿ ತಾಯಿಯ ಮಡಿಲಲ್ಲಿದ್ದ ಮಗುವೊಂದು ಎರಡೂ ಕಿವಿ ಮುಚ್ಚಿಕೊಂಡಿತು. ಡಬ್ಬಿಯೊಳಗೆ ಕಣಜ ಹೊಕ್ಕಂಥ ಸದ್ದು. ಅಂದಿನ ಉಳಿದ ಹಾಡುಗಳನ್ನೆಲ್ಲ ಪೆಡಲ್ ಮುಟ್ಟದೆ ನುಡಿಸಿದೆ.

ನಿಮ್ಮ ಹತ್ತರಲ್ಲಿ ಆರೇಳು ಕಡೆ ಹೀಗೇ ಆಗುತ್ತಿದ್ದರೆ ಅಂಗಡಿಯವರ ಮಾತು ತಪ್ಪಲ್ಲ. ಸಣ್ಣ ಮಲ್ಟಿ ಎಫೆಕ್ಟ್ಸ್‌ನಲ್ಲಿ ಆಂಪ್ ಮತ್ತು ಸ್ಪೀಕರ್ ಎರಡರ ಅನುಕರಣೆಯೂ ಇರುತ್ತದೆ, ಅದನ್ನು ಮಿಕ್ಸರ್‌ಗೆ ಧೈರ್ಯವಾಗಿ ಕೊಡಬಹುದು. ಎಸ್‌ಡಿ-1 ಕೊಂಡು ಮುಂದೆ ಹಣ ಬಂದಾಗ ಸ್ಪೀಕರ್ ಅನುಕರಿಸುವ ಚಿಕ್ಕ ಪೆಟ್ಟಿಗೆಯೊಂದನ್ನು ಸೇರಿಸಿಕೊಳ್ಳುವುದು ಇನ್ನೊಂದು ದಾರಿ. ಹೆಚ್ಚಿನ ಕಡೆ ಆಂಪ್ ಸಿಗುತ್ತದೆ ಎಂದಾದರೆ ಪೆಡಲ್ಲೇ ಸರಿ. ನೂರು ನಾದಗಳಿರುವ ಪೆಟ್ಟಿಗೆಯಲ್ಲಿ ಮೊದಲ ವರ್ಷ ಹುಡುಕಾಟದಲ್ಲೇ ಕಳೆಯುತ್ತದೆ. ಮೂರು ನಾಬ್‌ಗಳ ಪೆಟ್ಟಿಗೆ ನಿಮ್ಮ ಕಿವಿಯನ್ನು ಬೇಗ ಪಳಗಿಸುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ಒಯ್ಯಿರಿ. ಅಲ್ಲಿರುವ ಅತಿ ದುಬಾರಿ ವಾಲ್ವ್ ಆಂಪ್‌ಗೆ ಅವರು ಜೋಡಿಸಿಕೊಡಲು ಬಂದರೆ ನಯವಾಗಿ ಬೇಡವೆನ್ನಿ. ನಿಮ್ಮ ಆಂಪ್‌ಗೆ ಹತ್ತಿರವಾದದ್ದನ್ನು ಕೇಳಿ, ಅದರ ಕ್ಲೀನ್ ಚಾನೆಲ್ ಬಳಸಿ. ಡ್ರೈವ್ ಚಾನೆಲ್ಲಿನ ಮೇಲೆ ಪೆಡಲ್ ಹಾಕಿದರೆ ನಿಮಗೆ ಏನೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ದನಿಯನ್ನು ಸಮ ಮಾಡುವುದು. ಪೆಡಲ್ ಆಫ್ ಇದ್ದಾಗ ಎಷ್ಟು ಸದ್ದಿದೆಯೋ ಆನ್ ಮಾಡಿದಾಗಲೂ ಅಷ್ಟೇ ಇರುವಂತೆ ಲೆವೆಲ್ ನಾಬನ್ನು ಹೊಂದಿಸಿ. ಇದನ್ನು ಮಾಡದಿದ್ದರೆ, ಜೋರಾಗಿ ಕೇಳುವ ಪೆಡಲ್ಲೇ ಒಳ್ಳೆಯದೆಂದು ಕಿವಿ ನಂಬಿಬಿಡುತ್ತದೆ. ಎರಡು ಪೆಡಲ್‌ಗಳನ್ನು ಹೋಲಿಸುವಾಗಲಂತೂ ಈ ತಪ್ಪು ಖಂಡಿತ ಆಗುತ್ತದೆ.

ಆಮೇಲೆ ವೇಗದ ತುಣುಕುಗಳನ್ನು ನುಡಿಸಬೇಡಿ. ಒಂದು ಸ್ವರವನ್ನು ಮೀಟಿ, ಅದು ಸಾಯುವವರೆಗೆ ಬಿಡಿ. ಬಾಲ ನುಣ್ಣಗೆ ಕರಗಬೇಕು, ಕೊನೆಯಲ್ಲಿ ಚರಪರ ಎಂದು ಹರಿಯಬಾರದು. ತಂತಿಯನ್ನು ಎಳೆದು ಒಂದು ಗಮಕ ಹಾಕಿ, ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೂ ಕೇಳುತ್ತಿದೆಯೇ ನೋಡಿ. ಬಳಿಕ ಗಿಟಾರಿನ ವಾಲ್ಯೂಮ್ ನಾಬನ್ನು ಹತ್ತರಿಂದ ಆರಕ್ಕೆ ಇಳಿಸಿ ಅದೇ ಸ್ವರ ನುಡಿಸಿ. ಒಳ್ಳೆಯ ಓವರ್‌ಡ್ರೈವ್‌ನಲ್ಲಿ ಒರಟುತನ ಹಿಂದೆ ಸರಿದು ಮೂಲ ಗಿಟಾರ್ ಮುಂದೆ ಬರುತ್ತದೆ. ಈ ಒಂದು ನಾಬನ್ನು ಕಿರುಬೆರಳಿನಿಂದ ತಿರುಗಿಸುವುದನ್ನು ರೂಢಿ ಮಾಡಿಕೊಂಡರೆ ಪಲ್ಲವಿಗೆ ಒಂದು ನಾದ, ಚರಣಕ್ಕೆ ಒಂದು, ಸೋಲೋಗೆ ಮತ್ತೊಂದು ಎಂದು ಒಂದೇ ಪೆಡಲ್‌ನಿಂದ ಪಡೆಯಬಹುದು. ನ್ಯಾಯವಾಗಿ ಹೇಳಬೇಕೆಂದರೆ ಈ ಪರೀಕ್ಷೆಯಲ್ಲಿ ಬ್ಲೂಸ್ ಡ್ರೈವರ್ ಎಸ್‌ಡಿ-1ನ್ನು ಸೋಲಿಸುತ್ತದೆ. ಅಂಗಡಿಯಲ್ಲಿ ನಿಮ್ಮ ಮನಸ್ಸು ಅತ್ತ ವಾಲಿದರೆ ಅದು ಸಹಜ. ಆಗ ಕೀಬೋರ್ಡಿನವರನ್ನು ನೆನಪಿಸಿಕೊಳ್ಳಿ.

ಅಡಾಪ್ಟರ್ ವಿಷಯದಲ್ಲಿ ಉಳಿತಾಯ ಬೇಡ. ಈ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ನಡುವಿನ ತೂತು ಋಣ, ಹೊರಗಿನ ಸುತ್ತು ಧನ. ಎಲೆಕ್ಟ್ರಿಕಲ್ ಅಂಗಡಿಯ ಸಾಮಾನ್ಯ ಅಡಾಪ್ಟರ್‌ಗಳು ಹಲವು ಬಾರಿ ಇದಕ್ಕೆ ತಿರುವುಮುರುವಾಗಿರುತ್ತವೆ. ನನ್ನ ಮೊದಲ ಪೆಡಲ್ ಸುಟ್ಟದ್ದು ಅಂಥದ್ದರಿಂದಲೇ: ಒಂದು ಕ್ಷಣ ದೀಪ ಮಿನುಗಿತು, ಸುಟ್ಟ ವಾಸನೆ ಬಂತು, ಮುಗಿಯಿತು. ಪೆಡಲ್‌ನ ಮೇಲೆ ಅಚ್ಚಾಗಿರುವ ಗುರುತನ್ನೂ ಅಡಾಪ್ಟರ್‌ನ ಮೇಲಿನದನ್ನೂ ಅಕ್ಕಪಕ್ಕ ಹಿಡಿದು ನೋಡಿ. ನಿಮ್ಮ ಸಿಂಗಲ್ ಕಾಯಿಲ್ ಪಿಕಪ್‌ಗಳು 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದನ್ನು ಹಿಡಿಯುತ್ತವೆ, ಓವರ್‌ಡ್ರೈವ್ ಅದನ್ನೂ ಹಿಗ್ಗಿಸುತ್ತದೆ. ಸೀರಿಯಲ್ ದೀಪಗಳಿರುವ ವೇದಿಕೆಯಲ್ಲಿ ಇದು ಇನ್ನೂ ಹೆಚ್ಚು. ಅಂಥ ಕಡೆ ಪೆಡಲ್‌ಗೆ 9 ವೋಲ್ಟ್ ಬ್ಯಾಟರಿ ಹಾಕಿಕೊಂಡರೆ ಅಡಾಪ್ಟರ್‌ನ ಪಾಲಿನ ಸದ್ದಾದರೂ ತಪ್ಪುತ್ತದೆ. ಎಸ್‌ಡಿ-1 ಕೆಲವೇ ಮಿಲಿ ಆಂಪಿಯರ್ ಎಳೆಯುವುದರಿಂದ ಬ್ಯಾಟರಿ ಬಹಳ ದಿನ ಬಾಳುತ್ತದೆ. ಆದರೆ ಇನ್‌ಪುಟ್‌ನಲ್ಲಿ ಕೇಬಲ್ ಇದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ, ನುಡಿಸಿ ಮುಗಿದೊಡನೆ ಕೇಬಲ್ ಕಿತ್ತಿಡಿ.

ಪೆಡಲ್ ಕೈಗೆ ಬಂದ ಮೇಲೆ ಮೊದಲ ಅಭ್ಯಾಸದ ದಿನ ಹೀಗೆ ಮಾಡಿ. ಆಂಪ್‌ನ ಕ್ಲೀನ್ ಚಾನೆಲ್. ಬೇಸ್ ನಾಬ್ ಅರ್ಧಕ್ಕಿಂತ ಕೆಳಗೆ, ಮಿಡ್ ಅರ್ಧಕ್ಕಿಂತ ಮೇಲೆ, ಟ್ರೆಬಲ್ ಅರ್ಧದಲ್ಲಿ. ಪೆಡಲ್‌ನ ಟೋನ್ ನೆಟ್ಟಗೆ ಮೇಲಕ್ಕೆ, ಡ್ರೈವ್ ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿ, ಲೆವೆಲ್ ಆಫ್ ಇದ್ದಾಗಿನ ಸದ್ದಿಗಿಂತ ಒಂದು ಕೂದಲೆಳೆ ಹೆಚ್ಚು. ಡ್ರೈವ್ ಇಷ್ಟು ಕಡಿಮೆ ಸಾಕೇ ಎಂದು ನಿಮಗೆ ಅನ್ನಿಸುತ್ತದೆ. ಡ್ರೈವ್ ಏರಿಸಿದಷ್ಟೂ ಮೀಟಿದ ಕ್ಷಣದ ಪೆಟ್ಟು ಮತ್ತು ಅದರ ಬಾಲ ಒಂದೇ ಎತ್ತರಕ್ಕೆ ಬಂದುಬಿಡುತ್ತವೆ, ಆ ಪೆಟ್ಟೇ ಇಲ್ಲದ ಗಿಟಾರ್ ತಂಡದೊಳಗೆ ಮುಳುಗುತ್ತದೆ. ಎಲ್ಲರೂ ಪೂರ್ತಿ ಸದ್ದಿನಲ್ಲಿ ಒಂದು ಹಾಡು ನುಡಿಸಿ. ಹಾಡುಗಾರನನ್ನು ಕೋಣೆಯ ಆಚೆ ತುದಿಯಲ್ಲಿ ನಿಲ್ಲಿಸಿ, ನೀವು ಪೆಡಲ್ ತುಳಿದಾಗ ಗಿಟಾರ್ ಮುಂದೆ ಬಂತೋ ಹಿಂದೆ ಹೋಯಿತೋ ಎಂದು ಕೇಳಿ. ಹಿಂದೆ ಹೋಯಿತು ಎಂದರೆ ಡ್ರೈವನ್ನು ಒಂಬತ್ತು ಗಂಟೆಗೆ ಇಳಿಸಿ, ಲೆವೆಲ್ ಸ್ವಲ್ಪ ಏರಿಸಿ, ಅದೇ ಹಾಡನ್ನು ಇನ್ನೊಮ್ಮೆ ನುಡಿಸಿ.